ಕೂಗಪ್ಪನ ಮೂರನೇ ಕೂಗು

ಕೋರ್ಟಿನ ವರಾಂಡದಲ್ಲಿ ನಿಂತು ಊರವರ ಹೆಸರನ್ನೆಲ್ಲ ಕೂಗುತ್ತಿದ್ದ ಮನುಷ್ಯನಿಗೆ ತನ್ನದೇ ಹೆಸರು ಉಳಿದಿರಲಿಲ್ಲ. ಹಾಲು ಹಾಕುವವಳಿಗೂ ಅವನು ಕೂಗಪ್ಪ, ಎತ್ತರದ ಪೀಠದ ಮೇಲೆ ಕೂರುವ ನ್ಯಾಯಾಧೀಶರಿಗೂ ಕೂಗಪ್ಪ. ಹೆಂಡತಿ ಮಾತ್ರ ‘ರೀ’ ಅನ್ನುತ್ತಿದ್ದಳು. ಜಗಳ ಬಂದ ದಿನ ಅವಳ ಬಾಯಲ್ಲೂ ‘ಏನ್ರೀ ಕೂಗಪ್ಪನವರೇ’ ಎಂದೇ ಬರುತ್ತಿತ್ತು.

ಅವನ ಕೆಲಸ ಹೇಳುವುದಕ್ಕೆ ಸುಲಭ. ಒಳಗಿನಿಂದ ಗುಮಾಸ್ತ ಒಂದು ಹೆಸರು ಹೇಳುತ್ತಾನೆ. ಕೂಗಪ್ಪ ಬಾಗಿಲ ಹೊರಗೆ ಬಂದು, ಎದೆ ತುಂಬ ಉಸಿರು ಎಳೆದುಕೊಂಡು, ಆ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯದಕ್ಕೂ ಯಾರೂ ಓಗೊಡದಿದ್ದರೆ ಒಳಗೆ ‘ಗೈರುಹಾಜರು’ ಎಂದು ಬರೆಯುತ್ತಾರೆ. ಆಮೇಲೆ ಏದುಸಿರು ಬಿಡುತ್ತ ಓಡಿ ಬಂದವನು ತಲೆ ಚಚ್ಚಿಕೊಂಡರೂ ಪ್ರಯೋಜನವಿಲ್ಲ. ಅದಕ್ಕೇ ಕೂಗಪ್ಪ ಮೊದಲಿನ ಎರಡು ಕೂಗುಗಳನ್ನು ಸರಸರ ಮುಗಿಸಿ, ಮೂರನೆಯದನ್ನು ಬಾವಿಗೆ ಕೊಡ ಇಳಿಸಿದ ಹಾಗೆ ನಿಧಾನವಾಗಿ ಬಿಡುತ್ತಿದ್ದ. ಮೂತ್ರಕ್ಕೆ ಹೋದವರು, ಹೋಟೆಲಿನಲ್ಲಿ ಕೂತವರು, ಗೇಟಿನ ಹೊರಗೆ ವಕೀಲನನ್ನು ಹುಡುಕುತ್ತಿದ್ದವರು ಎಲ್ಲರೂ ಆ ಮೂರನೆಯದರಲ್ಲೇ ಬಂದು ಸೇರಿಕೊಳ್ಳುತ್ತಿದ್ದರು.

ಕೈದಿಗಳ ಲೆಕ್ಕ ಬೇರೆ. ಅವರ ಪರವಾಗಿ ಉತ್ತರ ಕೊಡುವವನು ಕಟ್ಟಡದ ಹಿಂಬದಿಯ ಠಾಣೆಯ ಪೇದೆ. ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಲಾಠಿಗೆ ಗಲ್ಲ ಆನಿಸಿ ಸದಾ ಜೋಲಿ ಹೊಡೆಯುತ್ತಿದ್ದುದರಿಂದ ಅವನಿಗೆ ‘ತೂಕಡಿಕೆ’ ಎಂದೇ ಹೆಸರು. ಬೆಳಗ್ಗೆ ಲಾಕಪ್ಪಿನ ಬೀಗ ತೆಗೆದು, ತಲೆ ಎಣಿಸಿ, ಟೀ ಕೊಟ್ಟು, ಅಂದು ಕೋರ್ಟಿಗೆ ಬರಬೇಕಾದವರನ್ನು ಕರೆತರುವುದು ಅವನ ಕೆಲಸ. ಕೂಗಿದ ಹೆಸರಿನವನು ಪಕ್ಕದಲ್ಲೇ ಇದ್ದರೆ ‘ಹಾಜರ್’ ಅನ್ನುತ್ತಿದ್ದ. ಲಾಕಪ್ಪಿನಲ್ಲೇ ಬಿಟ್ಟು ಬಂದಿದ್ದರೆ ‘ಒಳಗೆ’ ಅನ್ನುತ್ತಿದ್ದ. ಈ ಎರಡು ಮಾತು ಬಿಟ್ಟು ಮೂರನೆಯದು ಅವನ ಬಾಯಿಂದ ಬಿದ್ದದ್ದು ಅಪರೂಪ. ಅದೂ ಮೂರನೇ ಕೂಗಿಗೇ ಅವನಿಗೆ ಎಚ್ಚರ. ಮೊದಲೆರಡು ಅವನ ಕನಸಿನಲ್ಲೇ ಕಳೆದುಹೋಗುತ್ತಿದ್ದವು.

ಕೂಗಪ್ಪ ಯಾರನ್ನೂ ನಂಬಿದವನಲ್ಲ. ಅಂಗಡಿಯವನು ತೂಗಿದ್ದನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸುತ್ತಿದ್ದ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದ. ‘ಬೀಗ ಮುರಿಯೋಕೆ ಕಳ್ಳ ಬೇಡ, ನೀವೇ ಸಾಕು’ ಎಂದು ಹೆಂಡತಿ ಗೊಣಗುತ್ತಿದ್ದಳು. ಆದರೆ ಅವನ ಅನುಮಾನ ಹುಟ್ಟುಗುಣವಲ್ಲ, ಕಣ್ಣಾರೆ ಕಂಡದ್ದರಿಂದ ಬಂದದ್ದು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ಹಾಗೆ.

ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಇದೇ ಕಟ್ಟಡಕ್ಕೆ ಜವಾನನಾಗಿ ಸೇರಿದಾಗ ದೇಶಕ್ಕೆ ಇನ್ನೂ ಸಂವಿಧಾನ ಇರಲಿಲ್ಲ. ಕಟ್ಟಡದ ತುಂಬ ಒಂದೇ ಒಂದು ದೊಡ್ಡ ಹಜಾರ, ಅದರ ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಇಡೀ ಪ್ರಾಂತ್ಯವನ್ನು ಆಳುವ ದೊಡ್ಡ ಸಾಹೇಬರು. ಬೆಳಗ್ಗೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಬೇಕು. ಸಾಹೇಬರು ಅಂಗಳದಲ್ಲಿ ನೆರೆದವರಿಗೆ ಹೊಸ ಕಾಯ್ದೆ ಓದಿ ಹೇಳುವರು. ಮಧ್ಯಾಹ್ನ ಅದನ್ನು ಮೇಜಿನ ಕಡೆ ತಿರುಗಿಸಬೇಕು. ಆ ಕಾಯ್ದೆ ಮುರಿದವರನ್ನು ಹಿಡಿದು ತರಲು ಹುಕುಂ ಹೊರಡುವುದು. ಸಂಜೆ ಬಾಗಿಲ ಕಡೆ. ಹಿಡಿದು ತಂದವರಿಗೆ ಅಲ್ಲೇ ಶಿಕ್ಷೆ. ಕುರ್ಚಿ ತಿರುಗಿಸುವ ಕೆಲಸ ಕೂಗಪ್ಪನದು. ಮನುಷ್ಯ ಒಬ್ಬನೇ, ಮುಖ ತಿರುಗಿದ ಕೂಡಲೇ ಅವನು ಬೇರೆಯವನಾಗುವುದು ಹೇಗೆಂದು ಅವನಿಗೆ ಆಗಲೂ ತಿಳಿದಿರಲಿಲ್ಲ. ಒಂದು ದಿನ ಬೆಳಗ್ಗೆ ‘ಸಂತೆಗೆ ಗಾಡಿ ತರಕೂಡದು’ ಎಂದು ಕಾಯ್ದೆ ಆಯಿತು. ಅದು ಕಿವಿಗೆ ಬೀಳುವ ಮೊದಲೇ ಗಾಡಿ ಕಟ್ಟಿ ಹೊರಟಿದ್ದ ಅವನ ಅಪ್ಪನನ್ನು ಮಧ್ಯಾಹ್ನ ಹಿಡಿದರು. ಸಂಜೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ನಿಂತ ಮಗನ ಎದುರಿಗೇ ಅಪ್ಪನಿಗೆ ಛಡಿ ಏಟು ಬಿತ್ತು. ‘ನನಗೆ ಗೊತ್ತಿರಲಿಲ್ಲ ಬುದ್ಧಿ’ ಎಂದು ಅಪ್ಪ ಯಾರಿಗೆ ಹೇಳಬೇಕಿತ್ತು? ಕಾಯ್ದೆ ಮಾಡಿದವರೂ ಅವರೇ, ಹಿಡಿಸಿದವರೂ ಅವರೇ, ಕೇಳಬೇಕಾದವರೂ ಅವರೇ.

ಮುಂದೆ ಕಾಲ ತಿರುಗಿತು. ದೊಡ್ಡ ಸಾಹೇಬರು ಹೋದರು, ಸಂವಿಧಾನ ಬಂತು. ಒಂದೇ ಕುರ್ಚಿಯಲ್ಲಿ ಮೂರು ಕೆಲಸ ಕೂಡದು ಎಂದು ಅದರಲ್ಲಿ ಬರೆದಿದೆಯಂತೆ ಎಂಬ ಸುದ್ದಿಯ ಬೆನ್ನಿಗೇ ಗಾರೆಯವರು ಬಂದರು. ಹಜಾರಕ್ಕೆ ಅಡ್ಡಗೋಡೆಗಳು ಎದ್ದವು. ಕಿಟಕಿಯ ಕಡೆಯದು ಜನ ಆರಿಸಿ ಕಳಿಸಿದವರ ಸಭೆಗೆ, ನಡುವಿನದು ಅಧಿಕಾರಿಗಳ ಕಚೇರಿಗೆ, ಬಾಗಿಲ ಕಡೆಯದು ಕೋರ್ಟಿಗೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಹೊಸ ಹಲಗೆಗಳು ಬಂದವು. ಜವಾನರನ್ನೂ ಹಂಚಿದರು. ಗಂಟಲು ದೊಡ್ಡದೆಂದು ಕೂಗಪ್ಪನನ್ನು ನ್ಯಾಯಾಂಗಕ್ಕೆ ಹಾಕಿದರು.

ಅವನು ಹಲಗೆ ನೋಡಲಿಲ್ಲ, ಗೋಡೆ ನೋಡಿದ. ಕಚೇರಿಗೂ ಕೋರ್ಟಿಗೂ ನಡುವಿನ ಗೋಡೆಯಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಯಾಕೆಂದು ಮೇಸ್ತ್ರಿಯನ್ನು ಕೇಳಿದ್ದಕ್ಕೆ, ‘ಟೀ ತರೋರು ಸುತ್ತಿ ಬರಬೇಕಲ್ಲಪ್ಪ’ ಅಂದ. ಚಿಲಕ ಇದ್ದದ್ದು ಕಚೇರಿಯ ಕಡೆಗೆ. ಅಂದಿನಿಂದ ಇಷ್ಟು ವರ್ಷ ಆ ಬಾಗಿಲ ಮೇಲೆ ಅವನಿಗೆ ಒಂದು ಕಣ್ಣು.

ಅವನ ಮಗಳು ಇದಕ್ಕೆ ತದ್ವಿರುದ್ಧ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಸಂವಿಧಾನದ ಅಗ್ಗದ ಪ್ರತಿಯೊಂದನ್ನು ಕೊಂಡು, ಹಾಳೆ ಮಡಚಿ, ಗೆರೆ ಎಳೆದು ಓದಿದ್ದಳು. ಅಪ್ಪ ಊಟಕ್ಕೆ ಕೂತಾಗ ಅದನ್ನು ತೆಗೆಯುತ್ತಿದ್ದಳು.

‘ನೋಡಪ್ಪ, ಸಭೆ ಕಾಯ್ದೆ ಮಾಡುತ್ತೆ. ಕಚೇರಿ ಅದನ್ನ ನಡೆಸುತ್ತೆ. ಇಬ್ಬರಲ್ಲಿ ಯಾರಾದ್ರೂ ಗೆರೆ ದಾಟಿದ್ರೆ ಕೋರ್ಟು ಕೇಳುತ್ತೆ. ಒಬ್ಬರ ಮೇಲೆ ಒಬ್ಬರ ಕಣ್ಣು.’

‘ಮೂರು ಜನಾನೂ ಹಿಂದಿನ ಕ್ಯಾಂಟೀನಲ್ಲಿ ಒಂದೇ ಮೇಜಲ್ಲಿ ಟೀ ಕುಡೀತಾರೆ. ನಾನು ನೋಡಿದ್ದೀನಿ.’

‘ಟೀ ಕುಡಿಯೋದು ತಪ್ಪಾ?’

‘ತಪ್ಪಲ್ಲ. ಆದ್ರೆ ನಾನು ಹತ್ತಿರ ಹೋದ್ರೆ ಮಾತು ನಿಲ್ಲಿಸ್ತಾರಲ್ಲ, ಯಾಕೆ?’

ಮಗಳು ಇನ್ನೊಂದು ಹಾಳೆ ತಿರುಗಿಸಿದಳು. ‘ಇದನ್ನ ಕೇಳು. ಯಾರನ್ನೇ ಹಿಡಿದ್ರೂ ಕಾರಣ ಹೇಳಬೇಕು. ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ತರಬೇಕು.’

‘ಬೇಕು, ಬೇಕು ಅಂತ ಬರೆದವ್ರೆ ಸರಿ. ಯಾರಿಗೆ ಬೇಕು? ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲವ್ವ.’

ಅಳಿಯ ಇಂಥ ಮಾತಿಗೆಲ್ಲ ನಗುತ್ತಿದ್ದ. ಅವನು ಬಸ್ಸಿನ ಡ್ರೈವರು. ಮಗಳು ತಾನೇ ನೋಡಿ ಒಪ್ಪಿದವನಾದ್ದರಿಂದ ಕೂಗಪ್ಪ ಅವನನ್ನೂ ಬಹಳ ದಿನ ನಂಬಿರಲಿಲ್ಲ. ‘ಎಲ್ಲಿ ಬೇಕಾದ್ರೂ ಬ್ರೇಕ್ ಹಾಕೋ ಜಾತಿ’ ಎಂದು ಅವನ ಎದುರಿಗೇ ಅಂದಿದ್ದ. ‘ಹಾಕದಿದ್ರೆ ನೀವು ಹತ್ತೋದು ಹೆಂಗೆ ಮಾವ?’ ಎಂದು ಅಳಿಯ ತಿರುಗಿ ಕೇಳಿದ್ದ. ಆಮೇಲೆ ಇಬ್ಬರಿಗೂ ಒಂದು ಥರ ಹೊಂದಿಕೆಯಾಗಿತ್ತು.

ಆ ಅಳಿಯನೇ ಒಂದು ಮಧ್ಯಾಹ್ನ ಮನೆಗೆ ಬರಲಿಲ್ಲ.

ಡಿಪೋದ ಅಂಗಳದಲ್ಲಿ ಡ್ರೈವರುಗಳು ಸೇರಿ ಬ್ರೇಕು ಸರಿಯಿಲ್ಲದ ಬಸ್ಸುಗಳನ್ನು ಓಡಿಸುವುದಿಲ್ಲ ಎಂದಿದ್ದರು. ಮುಂದೆ ನಿಂತು ಮಾತಾಡಿದವನು ಇವನು. ಅವನನ್ನು ಒಂದು ಜೀಪು ಕರೆದುಕೊಂಡು ಹೋಯಿತೆಂದು ಕಂಡಕ್ಟರೊಬ್ಬ ಬಂದು ಹೇಳಿದ. ಯಾವ ಜೀಪು ಎಂದು ಕೇಳಿದರೆ, ‘ಜೀಪು ಅಷ್ಟೆ’ ಎಂದು ಸೈಕಲ್ ಹತ್ತಿದ. ಮಗಳು ಠಾಣೆಗೆ ಓಡಿದಳು. ‘ಇಲ್ಲಿಲ್ಲ’ ಅಂದರು. ಮರುದಿನವೂ ‘ಇಲ್ಲಿಲ್ಲ’. ಆಚೆ ದಿನ, ‘ಗಂಡ ಮನೆಬಿಟ್ಟು ಹೋದ್ರೆ ನಾವೇನಮ್ಮ ಮಾಡೋಣ’ ಎಂದು ನಕ್ಕರು.

ಕೂಗಪ್ಪ ತೂಕಡಿಕೆಯ ಹತ್ತಿರ ಹೋಗಿ ಕೂತ. ಲಾಕಪ್ಪಿನ ಬೀಗದ ಕೈ ಇರುವವನು ಇವನು. ಎಷ್ಟೋ ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತು ಬೀಡಿ ಹಂಚಿಕೊಂಡವರು.

‘ನನ್ನ ಅಳಿಯನ್ನ ನೋಡಿದ್ಯೇನೋ?’

‘ನನಗೇನೂ ಗೊತ್ತಿಲ್ಲ ಅಣ್ಣ.’

‘ಟೀ ತರಿಸಲಾ?’

‘ಬೇಡ.’

ಅವನು ಟೀ ಬೇಡವೆಂದದ್ದನ್ನು ಕೂಗಪ್ಪ ಆವರೆಗೆ ಕೇಳಿರಲಿಲ್ಲ. ಅದೂ ಅಲ್ಲದೆ ಅಂದು ಅವನು ತೂಕಡಿಸುತ್ತಿರಲಿಲ್ಲ. ಕಣ್ಣು ಕೆಂಪಗಿದ್ದವು, ತೆರೆದೇ ಇದ್ದವು. ಒತ್ತಿ ಕೇಳಿದರೆ ಇವನು ಎದ್ದು ಹೋಗಿ ಇನ್‌ಸ್ಪೆಕ್ಟರಿಗೆ ಹೇಳಿಬಿಟ್ಟರೆ? ಹೇಳಿದ ಮೇಲೆ ಅವರು ಅಳಿಯನನ್ನು ಇನ್ನೆಲ್ಲಿಗಾದರೂ ಸಾಗಿಸಿಬಿಟ್ಟರೆ? ಕೂಗಪ್ಪ ಎದ್ದ.

ಮಗಳು ತಾನೇ ಅರ್ಜಿ ಬರೆದಳು. ನನ್ನ ಗಂಡನನ್ನು ಹಿಡಿದಿಟ್ಟಿದ್ದಾರೆ, ಕಾರಣ ಹೇಳಿಲ್ಲ, ಅವರನ್ನು ಕೋರ್ಟಿಗೆ ಹಾಜರುಪಡಿಸಿ ಎಂದು. ವಕೀಲರ ಕೋಟಿಲ್ಲದೆ, ಸಾದಾ ಹಾಳೆಯಲ್ಲಿ ಯಾರು ಬೇಕಾದರೂ ಹೀಗೆ ಕೇಳಬಹುದೆಂದು ಅವಳ ಪುಸ್ತಕದಲ್ಲಿತ್ತು.

‘ಕೊಡಬೇಡ’ ಅಂದ ಕೂಗಪ್ಪ. ‘ಇಲ್ಲ ಅಂದ್ರೆ ಇಲ್ಲ ಅಂತ ಬರ್ಕೊಂಡು ಮುಚ್ಚಿಬಿಡ್ತಾರೆ. ಆಮೇಲೆ ಅವನು ನಿಜವಾಗ್ಲೂ ಇಲ್ಲ ಆಗ್ತಾನೆ.’

‘ಮತ್ತೆ ಏನು ಮಾಡ್ಲಿ? ನಿನ್ನ ಥರ ಬಾಗಿಲು ಜಗ್ಗಿ ನೋಡ್ತಾ ಕೂರ್ಲಾ?’

ಹಾಳೆ ಮಡಚಿಕೊಂಡು ಮಗಳು ಹೊರಟಳು.

ನ್ಯಾಯಾಧೀಶರು ಹೊಸಬರು, ಹೆಂಗಸು. ಬಂದ ಮೊದಲ ದಿನ ಅವರು ಕೋರ್ಟಿಗೆ ಕಾಲಿಟ್ಟದ್ದು ಕಚೇರಿಯ ಕಡೆಯ ಆ ನಡುಬಾಗಿಲಿನಿಂದಲೇ. ‘ದಾರಿ ತಪ್ಪಿತು’ ಎಂದು ನಕ್ಕಿದ್ದರು. ದಾರಿ ತಪ್ಪುವವರು ಸರಿಯಾಗಿ ಅದೇ ಬಾಗಿಲಿಗೆ ತಪ್ಪುತ್ತಾರೆಯೇ ಎಂದು ಕೂಗಪ್ಪ ಅಂದೇ ಅವರನ್ನು ತನ್ನ ಲೆಕ್ಕದಲ್ಲಿ ಕಚೇರಿಯ ಕಡೆಗೆ ಬರೆದಿಟ್ಟಿದ್ದ.

ಅರ್ಜಿಯ ದಿನ ಅವನು ಗುಮಾಸ್ತನಿಗೆ, ‘ಹುಡುಕ್ತಿರೋದು ನನ್ನ ಅಳಿಯನ್ನ. ನಾನು ಕೂಗಬಹುದೋ ಬಾರದೋ ಕೇಳಿ’ ಅಂದ. ಗುಮಾಸ್ತ ಪೀಠದ ಹತ್ತಿರ ಬಗ್ಗಿ ಪಿಸುಗುಟ್ಟಿದ. ನ್ಯಾಯಾಧೀಶರು ತಲೆ ಎತ್ತಿದರು.

‘ತೀರ್ಪು ಕೊಡೋಳು ನಾನು. ನೀವು ಕೂಗೋರು. ಗಂಟಲು ಸರಿಯಿದೆಯಲ್ಲ?’

‘ಇದೆ ಮೇಡಂ.’

‘ಸಾಕು.’

ಇನ್‌ಸ್ಪೆಕ್ಟರ್ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಎದುರು ನಿಂತಿದ್ದ. ‘ಆ ಮನುಷ್ಯ ನಮ್ಮ ವಶದಲ್ಲಿಲ್ಲ. ಹಿಂದೆಯೂ ಇರಲಿಲ್ಲ’ ಅಂದ. ಮಗಳು ಹೇಳಿದ್ದನ್ನೂ ನ್ಯಾಯಾಧೀಶರು ಕೇಳಿದರು. ಆಮೇಲೆ ಪೆನ್ನಿನ ಟೊಪ್ಪಿ ತೆಗೆದರು.

‘ಹಾಜರುಪಡಿಸಬೇಕಾದವರ ಹೆಸರು ಕೂಗಲಿ. ಇಲ್ಲದಿದ್ದರೆ ಇಲ್ಲ ಎಂದು ದಾಖಲು ಮಾಡೋಣ.’

ಕೂಗಪ್ಪ ಮಗಳ ಮುಖ ನೋಡದೆ ಹೊರಗೆ ಬಂದ. ಅವನು ಹೆದರಿದ್ದು ಇದಕ್ಕೇ. ಕಾಯ್ದೆ ಪ್ರಕಾರ ಕೂಗುವುದು, ಕಾಯ್ದೆ ಪ್ರಕಾರ ಇಲ್ಲ ಅನ್ನುವುದು, ಕಾಯ್ದೆ ಪ್ರಕಾರ ಮುಚ್ಚುವುದು. ಅದನ್ನು ಅವನ ಗಂಟಲಿನಿಂದಲೇ ಮಾಡಿಸುತ್ತಿದ್ದಾರೆ. ಹಿಂದೆ ಕುರ್ಚಿ ತಿರುಗಿಸಿದ ಕೈಯೂ ಇದೇ ಮೈಯದಲ್ಲವೇ ಎಂದು ಅವನಿಗೆ ತನ್ನ ಮೇಲೇ ಅನುಮಾನ ಬಂತು.

ವರಾಂಡದಲ್ಲಿ ಎಂದಿನ ಗಿಜಿಗಿಜಿ. ತೂಕಡಿಕೆ ಅಂದು ಗಲ್ಲಕ್ಕೆ ಲಾಠಿ ಕೊಟ್ಟು ಕೂತಿದ್ದ. ಕಣ್ಣು ಮುಚ್ಚಿದ್ದವು.

ಕೂಗಪ್ಪ ಅಳಿಯನ ಹೆಸರನ್ನು, ಅವನ ಅಪ್ಪನ ಹೆಸರಿನ ಸಮೇತ ಕೂಗಿದ. ಯಾರೂ ಓಗೊಡಲಿಲ್ಲ. ಎರಡನೇ ಸಲ ಕೂಗಿದ. ಕಂಬದ ಹತ್ತಿರ ನಿಂತಿದ್ದ ಮುದುಕಿಯೊಬ್ಬಳು ತನ್ನ ಮೊಮ್ಮಗನೋ ಏನೋ ಎಂದು ತಿರುಗಿ ನೋಡಿದಳು, ಅಷ್ಟೆ. ಅವನು ಉಸಿರು ಎಳೆದುಕೊಂಡ. ಮೂರನೆಯದನ್ನು ಬಿಟ್ಟ. ಬಿಡುತ್ತಲೇ ಹೋದ. ಹೆಸರಿನ ಕೊನೆಯ ಅಕ್ಷರ ವರಾಂಡದ ತುದಿಯ ಗೋಡೆಗೆ ಬಡಿದು ಹಿಂದಿರುಗುವವರೆಗೂ ಬಾಯಿ ಮುಚ್ಚಲಿಲ್ಲ.

‘ಒಳಗೆ’ ಅಂದ ತೂಕಡಿಕೆ.

ಕಣ್ಣು ಮುಚ್ಚಿಕೊಂಡೇ, ಪ್ರತಿದಿನ ಅನ್ನುವಂತೆ, ಚೊಕ್ಕವಾಗಿ ಅಂದ. ಬಾಗಿಲು ತೆರೆದೇ ಇತ್ತು. ಮಾತು ನೆಟ್ಟಗೆ ಪೀಠದವರೆಗೆ ಹೋಯಿತು.

‘ಯಾರದು ಒಳಗೆ ಅಂದದ್ದು?’

ತೂಕಡಿಕೆಯನ್ನು ಒಳಗೆ ಕರೆದರು. ಟೋಪಿ ಸರಿಮಾಡಿಕೊಳ್ಳುತ್ತ ಬಂದವನು ಇನ್‌ಸ್ಪೆಕ್ಟರನನ್ನು ನೋಡಿ, ನಿಂತಲ್ಲೇ ಸಣ್ಣಗಾದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇನ್‌ಸ್ಪೆಕ್ಟರನ ಕೈ ತನ್ನ ಸೊಂಟದ ವಾಕಿಟಾಕಿಯ ಮೇಲೆ ಹೋಯಿತು.

‘ನಿದ್ದೆಗಣ್ಣಲ್ಲಿ ಅಂದಿದ್ದಾನೆ ಮೇಡಂ. ಇವನು ಯಾವ ಹೆಸರಿಗೂ ಹಾಗೇ ಅಂತಾನೆ.’

ನ್ಯಾಯಾಧೀಶರು ಕೂಗಪ್ಪನ ಕಡೆ ತಿರುಗಿದರು. ‘ಹೌದೇ? ಯಾವ ಹೆಸರಿಗೂ ಅಂತಾರಾ?’

ಸುಳ್ಳು ಹೇಳಿದರೆ ಅಳಿಯ ಹೋದ. ನಿಜ ಹೇಳಿದರೆ ಎಷ್ಟೋ ವರ್ಷದ ಬೀಡಿಯ ಗೆಳೆಯ ಹೋದ. ಕೂಗಪ್ಪ ತೂಕಡಿಕೆಯ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.

‘ಇಲ್ಲ ಮೇಡಂ. ಸಾಕ್ಷಿದಾರರ ಹೆಸರು ಎಷ್ಟು ಕೂಗಿದ್ರೂ ಇವನಿಗೆ ಎಚ್ಚರ ಆಗಲ್ಲ. ತಾನು ಬೆಳಗ್ಗೆ ಟೀ ಕೊಟ್ಟ ತಲೆಗೆ ಮಾತ್ರ ಬಾಯಿ ತೆಗೀತಾನೆ.’

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಪೆನ್ನಿಗೆ ಟೊಪ್ಪಿ ಹಾಕಿದರು. ‘ಹಾಗಾದರೆ ಕೇಳುವುದು ಬೇಡ, ನೋಡಿಯೇ ಬರಲಿ. ಗುಮಾಸ್ತರು ಈಗಲೇ ಠಾಣೆಗೆ ಹೋಗಬೇಕು. ಅರ್ಜಿದಾರರೂ ಜೊತೆಗೆ ಹೋಗಲಿ. ಪೇದೆ ಬೀಗ ತೆಗೆಯಲಿ. ಇನ್‌ಸ್ಪೆಕ್ಟರೇ, ಅವರು ತಿರುಗಿ ಬರುವ ತನಕ ನೀವು ಇಲ್ಲೇ ಕೂತಿರಿ. ವಾಕಿಟಾಕಿ ನನ್ನ ಮೇಜಿನ ಮೇಲಿಡಿ.’

‘ಮೇಲಿನವರಿಗೆ ಒಂದು ಮಾತು ತಿಳಿಸಬೇಕಿತ್ತು ಮೇಡಂ.’

‘ಮೇಲಿನವರು ಅಂದರೆ ಯಾರು?’

ಇನ್‌ಸ್ಪೆಕ್ಟರ್ ವಾಕಿಟಾಕಿ ಮೇಜಿನ ಮೇಲಿಟ್ಟು ಕೂತ.

ಆದರೆ ಕೂಗಪ್ಪನಿಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಇನ್‌ಸ್ಪೆಕ್ಟರನ ಕಣ್ಣು ಎರಡು ಸಲ ನಡುಬಾಗಿಲ ಕಡೆ ಹೊರಳಿದ್ದನ್ನು ಅವನು ಕಂಡಿದ್ದ. ಆಚೆ ಕಚೇರಿಯಲ್ಲಿ ಫೋನು ಬೇಕಾದಷ್ಟಿವೆ, ಹಿಂಬದಿ ಲಾಕಪ್ಪಿಗೆ ಓಡುವ ಕಾಲುಗಳೂ ಇವೆ. ಅವನು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸ್ವಲ್ಪ ಹೊತ್ತಿಗೆ ಆಚೆಯಿಂದ ಯಾರೋ ಚಿಲಕ ತೆಗೆದು ತಳ್ಳಿದರು. ಕೂಗಪ್ಪ ಕಾಲು ಊರಿದ.

‘ಟೀ’ ಎಂದಿತು ಆಚೆಯ ದನಿ.

‘ಸುತ್ತಿ ಬಾ’ ಅಂದ ಕೂಗಪ್ಪ.

ನ್ಯಾಯಾಧೀಶರು ಅದನ್ನು ನೋಡಿಯೂ ನೋಡದವರಂತೆ ಬೇರೆ ಕಡತ ಬಿಚ್ಚಿಕೊಂಡರು. ಅವರು ಯಾವ ಕಡೆಯವರೆಂದು ಅವನಿಗೆ ಆಗಲೂ ಖಾತ್ರಿಯಿರಲಿಲ್ಲ. ತನ್ನನ್ನು ತಡೆಯಲಿಲ್ಲವೆಂಬುದಷ್ಟು ಮಾತ್ರ ಗೊತ್ತಾಯಿತು.

ಅಳಿಯ ಬಂದದ್ದು ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು. ಸೊಂಟಕ್ಕೆ ಬೆಲ್ಟಿಲ್ಲ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದ. ಕೆಳತುಟಿ ಊದಿತ್ತು. ಅವನನ್ನು ಹಿಡಿದದ್ದಕ್ಕೆ ಕಾರಣ ಕೇಳಿದರೆ ಇನ್‌ಸ್ಪೆಕ್ಟರ್ ಒಂದು ಹೇಳಿದ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಹೇಳಿದ. ಇಲ್ಲದವನನ್ನು ಹಿಡಿದದ್ದಕ್ಕೆ ಕಾರಣ ಎಲ್ಲಿಂದ ಬಂದೀತು? ನ್ಯಾಯಾಧೀಶರು ಅಲ್ಲಿಯೇ ಬಿಡುಗಡೆಯ ಆದೇಶ ಬರೆಸಿದರು. ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಇನ್‌ಸ್ಪೆಕ್ಟರನಿಗೂ ಒಂದು ಬರೆಸಿದರು.

ಸಂಜೆ ಮೂವರೂ ನಡೆದುಕೊಂಡು ಮನೆಗೆ ಹೊರಟರು. ಅಳಿಯ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ.

‘ಮಾವ, ನೀವು ಕೂಗಿದ್ದು ನನಗೆ ಕೇಳಿಸಿತು ಅಂತ ಹೇಳೋಣ ಅಂದ್ಕೊಂಡೆ. ಕೇಳಿಸಲಿಲ್ಲ.’

‘ಗೋಡೆ ದಪ್ಪ ಇದೆ’ ಅಂದ ಕೂಗಪ್ಪ.

ಮಗಳು ಅಪ್ಪನ ಕಡೆ ನೋಡಿದಳು. ‘ಈಗಾದ್ರೂ ನಂಬ್ತೀಯಾ?’

‘ಏನನ್ನ? ಇವತ್ತು ನಿದ್ದೆಲಿದ್ದೋನು ಬಾಯಿ ಬಿಟ್ಟ. ನಾಳೆ ಅಲ್ಲಿ ಎಚ್ಚರ ಇರೋನನ್ನ ಕೂರಿಸ್ತಾರೆ.’

‘ಅವನು ನಿದ್ದೆಲಿದ್ದ ಅಂತ ನಿನಗೆ ಹೆಂಗೆ ಗೊತ್ತು?’

ಆ ಪ್ರಶ್ನೆ ಅವನನ್ನು ಮನೆಯವರೆಗೂ ಕೊರೆಯಿತು. ಮರುದಿನ ಬೆಳಗ್ಗೆ ಕೋರ್ಟಿಗೆ ಹೋಗುವ ಮೊದಲು ತೂಕಡಿಕೆಯ ಮನೆಗೇ ಹೋದ. ಅವನು ಹಾಸಿಗೆ ಸುತ್ತಿ, ಹಗ್ಗ ಬಿಗಿಯುತ್ತಿದ್ದ. ಗಡಿಯ ಕಡೆಯ ಯಾವುದೋ ಠಾಣೆಗೆ ವರ್ಗ ಮಾಡಿದ್ದರು.

‘ನಿನ್ನೆ ನಿನಗೆ ನಿದ್ದೆ ಬಂದಿತ್ತೇನೋ?’

‘ನಿದ್ದೇಲಿರೋನಿಗೆ ಅದು ಹೆಂಗೆ ಗೊತ್ತಾಗುತ್ತೆ ಅಣ್ಣ?’

‘ಟೀ ಬೇಡ ಅಂದಿದ್ದೆಯಲ್ಲ ಅವತ್ತು.’

ತೂಕಡಿಕೆ ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ. ‘ಹೊತ್ತಾಯ್ತು. ನೀನೂ ಹೊರಡು, ಕೂಗೋರಿಲ್ಲದೆ ಕೋರ್ಟು ನಿಂತೀತು’ ಅಂದ.

ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಆಗಲೇ ಹೊಸ ಪೇದೆ ಕೂತಿದ್ದ. ಬೆನ್ನು ನೆಟ್ಟಗೆ, ಕಣ್ಣು ಅಗಲ, ಬೂಟು ಫಳಫಳ.

‘ನಿಮಗೆ ನಿದ್ದೆ ಬರಲ್ವಾ?’ ಎಂದು ಕೂಗಪ್ಪ ಕೇಳಿದ.

‘ಡ್ಯೂಟಿಯಲ್ಲಿ ಬರಲ್ಲ’ ಅಂದ ಅವನು.

ಹನ್ನೊಂದರ ಹೊತ್ತಿಗೆ ಗುಮಾಸ್ತ ಒಂದು ಹೆಸರು ಕೊಟ್ಟ. ಡಿಪೋದ ಇನ್ನೊಬ್ಬ ಡ್ರೈವರನದು. ಅವನೂ ಅದೇ ಮಧ್ಯಾಹ್ನದಿಂದ ಕಾಣೆಯಾಗಿದ್ದ. ಹಿಂದಿನ ದಿನದ ಸುದ್ದಿ ಕೇಳಿ ಅವನ ತಾಯಿ ಬೆಳಗಾಗುತ್ತಲೇ ಬಂದು ಅರ್ಜಿ ಕೊಟ್ಟಿದ್ದಳು. ಗೋಡೆ ಹಿಡಿದುಕೊಂಡು ನಿಂತಿದ್ದಳು. ಗುಮಾಸ್ತ ಹೋಗಿದ್ದಾಗ ಲಾಕಪ್ಪಿನಲ್ಲಿ ಅಳಿಯನೊಬ್ಬನೇ ಇದ್ದನಂತೆ.

ಕೂಗಪ್ಪ ಕೂಗಿದ. ಹೊಸ ಪೇದೆ ಅಲುಗಲಿಲ್ಲ. ಮತ್ತೆ ಕೂಗಿದ. ಮೂರನೆಯದನ್ನು ಎಳೆದೆಳೆದು ಬಿಟ್ಟ. ಪೇದೆ ರೆಪ್ಪೆ ಬಡಿಯದೆ ಎದುರಿನ ಗೋಡೆ ನೋಡುತ್ತ ಕೂತಿದ್ದ. ಅಷ್ಟು ಎಚ್ಚರವಾಗಿ ಏನೂ ಕೇಳಿಸದವರನ್ನು ಕೂಗಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಅವನು ಮತ್ತೊಮ್ಮೆ ಉಸಿರು ಎಳೆದುಕೊಂಡು, ಬೀದಿಯ ಕಡೆ ಮುಖ ಮಾಡಿ, ನಾಲ್ಕನೇ ಸಲ ಕೂಗಿದ.

ಗುಮಾಸ್ತ ಬಾಗಿಲಿಗೆ ಓಡಿ ಬಂದ. ‘ಏನಪ್ಪ ಇದು, ಇರೋದು ಮೂರೇ ಕೂಗು.’

‘ಮೇಡಂ ಬರೆದುಬಿಟ್ರಾ?’

ಗುಮಾಸ್ತ ತಿರುಗಿ ಒಳಗೆ ನೋಡಿದ. ‘ಇಲ್ಲ. ಪೆನ್ನು ಕೈಲಿ ಹಿಡ್ಕೊಂಡೇ ಕೂತವ್ರೆ.’

‘ಹಂಗಾದ್ರೆ ಸರಿ’ ಎಂದು ಕೂಗಪ್ಪ ಐದನೆಯದಕ್ಕೆ ಗಂಟಲು ಸರಿಮಾಡಿಕೊಂಡ.